ಕಿಟ್ ತಂದು ಎಲೆಕ್ಟ್ರಿಕ್ ಗಿಟಾರ್ ಕಟ್ಟುವುದು: ಮೊದಲು ನುಡಿಯಲಿ, ಆಮೇಲೆ ಬಣ್ಣ

ಗಿಟಾರ್ ಕಿಟ್, ಅಂದರೆ ನಾವೇ ಜೋಡಿಸಲು ಬಿಡಿಬಿಡಿಯಾಗಿ ಬರುವ ಗಿಟಾರಿನ ಭಾಗಗಳು, ಮನೆಗೆ ಬಂದ ದಿನ ಕೈ ಮೊದಲು ಹೋಗುವುದು ಬಣ್ಣದ ಡಬ್ಬಕ್ಕೆ. ನನ್ನ ಮೊದಲ ಕಿಟ್‌ನಲ್ಲಿ ಹಾಗೇ ಆಯಿತು. ವಾರಗಟ್ಟಲೆ ಕೂತು ಗಿಟಾರಿನ ಬಾಡಿಗೆ, ಅಂದರೆ ಒಡಲಿಗೆ, ಬಣ್ಣ ಹೊಡೆದೆ, ಮುಖ ಕಾಣುವ ಹಾಗೆ ಪಾಲಿಶ್ ಮಾಡಿದೆ. ಕೊನೆಗೆ ನೆಕ್ (ಬೆರಳಾಡಿಸುವ ಉದ್ದನೆಯ ಕತ್ತು) ಜೋಡಿಸಲು ಹೋದರೆ ಅದು ಬಾಡಿಯಲ್ಲಿರುವ ಪಾಕೆಟ್ ಎಂಬ ಗುಳಿಯೊಳಗೆ ಇಳಿಯಲೇ ಇಲ್ಲ. ಅರ ತೆಗೆದುಕೊಂಡು ಪಾಕೆಟ್‌ನ ಅಂಚನ್ನು ಒಂದೇ ಒಂದು ಸಲ ಉಜ್ಜಿದೆ. ಉಗುರಿನಷ್ಟು ಅಗಲದ ಬಣ್ಣದ ಚಕ್ಕೆ ಎದ್ದು ಬಂತು, ಅದರ ಕೆಳಗೆ ಬಿಳಿ ಮರ ಕಂಡಿತು. ಆ ಗಾಯ ಈಗಲೂ ಆ ಗಿಟಾರಿನ ಮೇಲಿದೆ.

ಆಮೇಲೆ ಕಟ್ಟಿದ ಪ್ರತಿ ಗಿಟಾರನ್ನೂ ನಾನು ಎರಡು ಸಲ ಕಟ್ಟಿದ್ದೇನೆ. ಮೊದಲ ಸಲ ಬರೀ ಮರದಲ್ಲಿ: ಎಲ್ಲ ತೂತು ಕೊರೆದು, ತಂತಿ ಹಾಕಿ, ಶ್ರುತಿ ಮಾಡಿ ನುಡಿಸಿ ನೋಡುವುದು. ಏನೇನು ತಪ್ಪಿದೆಯೋ ಅದನ್ನೆಲ್ಲ ಬಣ್ಣ ಇಲ್ಲದಾಗಲೇ ತಿದ್ದುವುದು. ಆಮೇಲೆ ಪೂರ್ತಿ ಬಿಚ್ಚಿ, ಬಣ್ಣ ಹಾಕಿ, ಮತ್ತೆ ಕಟ್ಟುವುದು. ಎರಡೆರಡು ಕೆಲಸ ಅನ್ನಿಸುತ್ತದೆ, ಅಲ್ವಾ? ಆದರೆ ಎರಡನೇ ಸಲ ಕಟ್ಟಲು ಒಂದು ಮಧ್ಯಾಹ್ನ ಸಾಕು. ಒಣಗಿದ ಬಣ್ಣದ ಮೇಲೆ ತಪ್ಪು ತಿದ್ದಲು ವಾರಗಳೇ ಬೇಕು.

ಯಾವ ಕಿಟ್ ತರಬೇಕು

ಮೊದಲ ಸಲಕ್ಕೆ ನೆಕ್ಕನ್ನು ಸ್ಕ್ರೂ ಹಾಕಿ ಬಿಗಿಯುವ ಕಿಟ್ ತನ್ನಿ. ಫೆಂಡರ್ ಕಂಪನಿ 1950ರಲ್ಲಿ ಹೊರತಂದು, 1951ರಲ್ಲಿ ಟೆಲಿಕಾಸ್ಟರ್ ಎಂದು ಹೆಸರಿಟ್ಟ ಗಿಟಾರಿನ ರಚನೆಯೇ ಹೀಗಿದೆ: ಚಪ್ಪಟೆ ಹಲಗೆಯಂಥ ಬಾಡಿ, ನಾಲ್ಕು ಸ್ಕ್ರೂಗಳಿಂದ ಬಿಗಿದ ನೆಕ್, ತಂತಿಯ ಕಂಪನ ಹಿಡಿಯುವ ಎರಡು ಪಿಕಪ್, ಬಾಡಿಯ ಮೇಲೆ ತಂತಿಗಳನ್ನು ಹೊರುವ ಅಲುಗಾಡದ ಬ್ರಿಡ್ಜ್. ಎಷ್ಟು ಸಲ ಬೇಕಾದರೂ ಬಿಚ್ಚಿ ಕಟ್ಟಬಹುದು. 1954ರ ಸ್ಟ್ರಾಟೋಕಾಸ್ಟರ್ ಮಾದರಿಯಲ್ಲಿ ಮೂರು ಪಿಕಪ್, ಸ್ಪ್ರಿಂಗ್ ಎಳೆದು ಹಿಡಿಯುವ ಬ್ರಿಡ್ಜ್ ಇರುತ್ತದೆ; ಕೆಲಸ ಸ್ವಲ್ಪ ಜಾಸ್ತಿ. 1952ರಲ್ಲಿ ಗಿಬ್ಸನ್ ತಂದ ಲೆಸ್ ಪಾಲ್ ಮಾದರಿಯ ಕಿಟ್‌ಗಳಲ್ಲಿ ಸಾಮಾನ್ಯವಾಗಿ ನೆಕ್ಕನ್ನು ಅಂಟಿಸಬೇಕು. ಅಂಟು ಹಿಡಿದ ಮೇಲೆ ಕೋನ ತಪ್ಪಿದ್ದು ಗೊತ್ತಾದರೆ ತಿದ್ದುವುದು ಬಹಳ ಕಷ್ಟ. ಅದನ್ನು ಎರಡನೇ ಗಿಟಾರಿಗೆ ಇಟ್ಟುಕೊಳ್ಳಿ.

ಬಾಡಿಯ ಮರ ಯಾವುದು ಎಂದು ಕೊಳ್ಳುವ ಮೊದಲೇ ನೋಡಿ. ಧ್ವನಿಗಿಂತ ಜಾಸ್ತಿ ಅದು ನಿಮ್ಮ ಬಣ್ಣದ ಕೆಲಸವನ್ನು ತೀರ್ಮಾನಿಸುತ್ತದೆ. ಬಾಸ್‌ವುಡ್ ಮೆದು, ನುಣುಪು, ಆದರೆ ಎಳೆಗಳ ಚೆಂದ ಕಡಿಮೆ. ಗಟ್ಟಿ ಬಣ್ಣ ಹೊಡೆಯಲು ಒಳ್ಳೆಯದು. ಆಶ್ ಮತ್ತು ಮಹಾಗನಿಯಲ್ಲಿ ಎಳೆ ಎದ್ದು ಕಾಣುತ್ತದೆ. ಆದರೆ ಮರದ ರಂಧ್ರಗಳು ದೊಡ್ಡವು. ಕನ್ನಡಿಯಂಥ ಮೈ ಬೇಕೆಂದರೆ ಫಿಲ್ಲರ್ ತುಂಬಲೇಬೇಕು. ಮೇಲೆ ಮೇಪಲ್ ಪದರ ಅಂಟಿಸಿದ ಬಾಡಿಗಳೂ ಬರುತ್ತವೆ. ನೋಡಲು ಬಹಳ ಚೆಂದ. ಆದರೆ ಆ ಪದರ ಎಷ್ಟೋ ಸಲ 1 ಮಿ.ಮೀ.ಗಿಂತ ತೆಳು. ಉಪ್ಪುಕಾಗದ ನಾಲ್ಕು ಸಲ ಜೋರಾಗಿ ಆಡಿದರೆ ಕೆಳಗಿನ ಮರ ಬಂದುಬಿಡುತ್ತದೆ.

ಕೈಗೆ ಏನೇನು ಬೇಕು

ಡ್ರಿಲ್, ಸಣ್ಣ ಬಿಟ್‌ಗಳು, ಸರಿಯಾಗಿ ಕೂರುವ ಸ್ಕ್ರೂಡ್ರೈವರ್‌ಗಳು, 60 ಸೆಂ.ಮೀ. ಉದ್ದದ ಸ್ಟೀಲ್ ಸ್ಕೇಲ್, ಅರ್ಧ ಮಿ.ಮೀ. ಗುರುತಿರುವ ಚಿಕ್ಕ ಸ್ಕೇಲ್, ಒಂದು ಅರ, 120ರಿಂದ 2000ದವರೆಗಿನ ಉಪ್ಪುಕಾಗದ (ಸಂಖ್ಯೆ ಹೆಚ್ಚಿದಷ್ಟೂ ನಯ), ಮಾಸ್ಕಿಂಗ್ ಟೇಪ್, ಸೋಲ್ಡರಿಂಗ್ ಐರನ್, ಮಲ್ಟಿಮೀಟರ್, ಸಣ್ಣ ಸಂದು ಅಳೆಯುವ ಫೀಲರ್ ಗೇಜ್, ಶ್ರುತಿ ತೋರಿಸುವ ಟ್ಯೂನರ್. ಮೂಗಿಗೆ ಧೂಳಿನ ಮಾಸ್ಕ್. ಸ್ಪ್ರೇ ಹೊಡೆಯುವುದಾದರೆ ಧೂಳಿನ ಮಾಸ್ಕ್ ಸಾಲದು, ರಾಸಾಯನಿಕ ಆವಿ ತಡೆಯುವ ಕಾರ್ಟ್ರಿಡ್ಜ್ ಇರುವ ಮಾಸ್ಕೇ ಬೇಕು.

ಸ್ಟೀಲ್ ವುಲ್ ತರಬೇಡಿ. ಅದರ ಪುಡಿ ಪಿಕಪ್‌ನ ಅಯಸ್ಕಾಂತಕ್ಕೆ ಹೋಗಿ ಅಂಟಿದರೆ ತೆಗೆಯುವುದು ಬಲು ಕಷ್ಟ. ಅದರ ಬದಲು ನೈಲಾನ್ ಸ್ಕ್ರಬ್ ಪ್ಯಾಡ್ ಸಾಕು.

ಡಬ್ಬ ತೆರೆದ ಕೂಡಲೇ

ಎಲ್ಲ ಭಾಗಗಳನ್ನೂ ಬಟ್ಟೆಯ ಮೇಲೆ ಹರಡಿ ಎಣಿಸಿ. ನೆಕ್ಕನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಬಾಡಿ ಕಡೆಯಿಂದ ನಟ್ (ನೆಕ್‌ನ ಮೇಲ್ತುದಿಯಲ್ಲಿ ತಂತಿ ಕೂರುವ ಗೀರುಗಳಿರುವ ಪಟ್ಟಿ) ಕಡೆಗೆ ಒಂದು ಕಣ್ಣು ಮುಚ್ಚಿ ನೋಡಿ. ಹಿಂದಕ್ಕೋ ಮುಂದಕ್ಕೋ ಸ್ವಲ್ಪ ಬಾಗಿದ್ದರೆ ಚಿಂತೆ ಇಲ್ಲ, ಒಳಗಿನ ಟ್ರಸ್ ರಾಡ್ ಎಂಬ ಲೋಹದ ಸರಳು ಅದನ್ನು ಸರಿಮಾಡುತ್ತದೆ. ಹಗ್ಗ ಹಿಂಡಿದ ಹಾಗೆ ತಿರುಚಿಕೊಂಡಿದ್ದರೆ ಮಾತ್ರ ವಾಪಸ್ ಕಳಿಸಿ. ಅದಕ್ಕೆ ಮನೆಯಲ್ಲಿ ಮದ್ದಿಲ್ಲ.

ಇನ್ನು ಅಳತೆ. ನಟ್‌ನಿಂದ 12ನೇ ಫ್ರೆಟ್‌ನ (ನೆಕ್ ಮೇಲೆ ಅಡ್ಡಲಾಗಿರುವ ಲೋಹದ ಪಟ್ಟಿ) ನಡುಮಧ್ಯದವರೆಗೆ ಅಳೆಯಿರಿ. ಅದರ ಎರಡರಷ್ಟೇ ನಿಮ್ಮ ಗಿಟಾರಿನ ಸ್ಕೇಲ್ ಉದ್ದ, ಅಂದರೆ ತಂತಿ ಕಂಪಿಸುವ ಉದ್ದ. ಟೆಲಿ, ಸ್ಟ್ರಾಟ್ ಮಾದರಿಗಳಲ್ಲಿ 324 ಮಿ.ಮೀ. ಬರಬೇಕು, ಅಂದರೆ ಒಟ್ಟು 648 ಮಿ.ಮೀ., 25.5 ಇಂಚು. ಲೆಸ್ ಪಾಲ್ ಮಾದರಿಯಲ್ಲಿ ಒಟ್ಟು ಸುಮಾರು 628 ಮಿ.ಮೀ. ಈ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದಿಡಿ, ಬ್ರಿಡ್ಜ್ ಕೂರಿಸುವಾಗ ಇದರ ಮೇಲೇ ಎಲ್ಲವೂ ನಿಂತಿರುತ್ತದೆ.

ಬಾಡಿಯ ಮೇಲೆ ಒಂದು ಹನಿ ನೀರು ಬಿಡಿ. ಮರ ಹನಿಯನ್ನು ಕುಡಿದು ಕಪ್ಪಾದರೆ ಅದು ಬರೀ ಮರ. ಹನಿ ಮುತ್ತಿನಂತೆ ಹಾಗೇ ಕೂತರೆ ಕಾರ್ಖಾನೆಯಲ್ಲೇ ಮರದ ರಂಧ್ರ ಮುಚ್ಚುವ ಸೀಲರ್ ಬಳಿದಿದ್ದಾರೆ ಎಂದರ್ಥ. ಸೀಲರ್ ಇರುವ ಮರಕ್ಕೆ ಗಟ್ಟಿ ಬಣ್ಣ ಹಿಡಿಯುತ್ತದೆ. ಮರದೊಳಗೆ ಇಳಿಯಬೇಕಾದ ಸ್ಟೇನ್ ಮತ್ತು ಎಣ್ಣೆ ಮಾತ್ರ ಹಿಡಿಯುವುದಿಲ್ಲ. ಅವು ಬೇಕೆಂದರೆ ಸೀಲರ್ ಪೂರ್ತಿ ಹೋಗುವ ತನಕ ಉಜ್ಜಬೇಕು.

ಮೊದಲ ಕಟ್ಟೋಣ: ನೆಕ್ ಮತ್ತು ನೂಲು

ಇಡೀ ಕೆಲಸದಲ್ಲಿ ಜಾಸ್ತಿ ನಿಧಾನ ಬೇಡುವುದು ಈ ಹಂತ.

ನೆಕ್ಕನ್ನು ಪಾಕೆಟ್‌ನಲ್ಲಿ ಕೂರಿಸಿ ನೋಡಿ. ಕೈಯಿಂದ ಒತ್ತಿದರೆ ಇಳಿಯಬೇಕು, ಅಲುಗಾಡಬಾರದು. ಬಿಗಿ ಇದ್ದರೆ ಎಲ್ಲಿ ತಾಗುತ್ತಿದೆ ಎಂದು ಹುಡುಕಲು ನೆಕ್‌ನ ಪಕ್ಕಗಳಿಗೆ ಪೆನ್ಸಿಲ್ ಸೀಸ ಬಳಿದು ಒಂದು ಸಲ ಕೂರಿಸಿ ತೆಗೆಯಿರಿ. ಪಾಕೆಟ್‌ನ ಗೋಡೆಯಲ್ಲಿ ಕಪ್ಪು ಗುರುತು ಬಿದ್ದ ಕಡೆ ಮಾತ್ರ ಉಜ್ಜಿ. ಪಾಕೆಟ್‌ನ ತಳವನ್ನು ಮುಟ್ಟಬೇಡಿ. ಅಲ್ಲಿ ಅರ್ಧ ಮಿ.ಮೀ. ಓರೆಯಾದರೂ ನೆಕ್‌ನ ಕೋನವೇ ಬದಲಾಗಿ ತಂತಿಯ ಎತ್ತರ ಹಾಳಾಗುತ್ತದೆ.

ಈಗ ನೂಲು ಹಿಡಿಯುವ ಕೆಲಸ. ನೆಕ್ಕನ್ನು ಪಾಕೆಟ್‌ನಲ್ಲಿಟ್ಟು ಕ್ಲಾಂಪ್ ಹಾಕಿ, ನಡುವೆ ಬಟ್ಟೆಯೋ ಮರದ ಚೂರೋ ಇರಲಿ. ಬ್ರಿಡ್ಜನ್ನು ಅದರ ಜಾಗದಲ್ಲಿಟ್ಟು ಟೇಪ್ ಹಚ್ಚಿ. ನಟ್‌ನ ಎರಡು ಹೊರ ಗೀರುಗಳಿಂದ ಬ್ರಿಡ್ಜ್‌ನ ಎರಡು ಹೊರ ಸ್ಯಾಡಲ್‌ಗಳಿಗೆ (ತಂತಿ ಕೂರುವ ಪುಟ್ಟ ತುಂಡುಗಳಿಗೆ) ಬಿಗಿಯಾಗಿ ದಾರ ಕಟ್ಟಿ. ದಪ್ಪ ಇ, ತೆಳು ಇ ತಂತಿಗಳು ಇರುವ ಜಾಗದಲ್ಲಿ ಎರಡು ದಾರ. ಮೇಲಿನಿಂದ ನೇರ ನೋಡಿ. ದಾರಕ್ಕೂ ಫ್ರೆಟ್‌ಬೋರ್ಡಿನ ಅಂಚಿಗೂ ಇರುವ ಅಂತರ ಎರಡೂ ಕಡೆ ಒಂದೇ ಇರಬೇಕು. ಒಂದು ಕಡೆ ದಾರ ಅಂಚಿಗೆ ಹತ್ತಿರ ಹೋದರೆ ಮುಂದೆ ತೆಳು ತಂತಿ ನುಡಿಸುವಾಗ ಬೆರಳಿನಿಂದ ಜಾರಿ ಕೆಳಗೆ ಬೀಳುತ್ತದೆ. ಕ್ಲಾಂಪ್ ಸ್ವಲ್ಪ ಸಡಿಲ ಮಾಡಿ, ಹೆಡ್‌ಸ್ಟಾಕನ್ನು (ನೆಕ್‌ನ ತಲೆಯನ್ನು) ಕೂದಲೆಳೆಯಷ್ಟು ಆಚೀಚೆ ಸರಿಸಿ, ಮತ್ತೆ ನೋಡಿ. ಪಾಕೆಟ್‌ನಲ್ಲಿ ಕಾಣದಷ್ಟು ಚಿಕ್ಕ ಅಲುಗಾಟ ನಟ್ ಹತ್ತಿರ ಹೋಗುವಷ್ಟರಲ್ಲಿ ದೊಡ್ಡದಾಗಿರುತ್ತದೆ. ನಾನು ಇಲ್ಲಿ ಒಂದು ಗಂಟೆ ಕಳೆದದ್ದೂ ಉಂಟು, ಅದು ದಂಡವಾದ ಗಂಟೆ ಅಲ್ಲ.

ಬ್ರಿಡ್ಜ್ ತೂತುಗಳು ಮೊದಲೇ ಕೊರೆದು ಬಂದಿದ್ದರೆ ಅಳತೆ ಪರೀಕ್ಷೆ ಮಾಡಿದರೆ ಸಾಕು. ಇಲ್ಲದಿದ್ದರೆ ಹೀಗೆ ಮಾಡಿ: ತೆಳು ಇ ತಂತಿಯ ಸ್ಯಾಡಲನ್ನು ನೆಕ್ ಕಡೆಗೆ ಬಹುತೇಕ ಪೂರ್ತಿ ಮುಂದೆ ತನ್ನಿ, ಒಂದೆರಡು ಮಿ.ಮೀ. ಜಾಗ ಉಳಿಯಲಿ. ಆ ಸ್ಯಾಡಲ್ ನಟ್‌ನಿಂದ ಸರಿಯಾಗಿ ಚೀಟಿಯಲ್ಲಿ ಬರೆದಿಟ್ಟ ಸ್ಕೇಲ್ ಉದ್ದದಷ್ಟೇ (ಟೆಲಿ, ಸ್ಟ್ರಾಟ್‌ಗೆ 648 ಮಿ.ಮೀ.) ದೂರದಲ್ಲಿರುವ ಹಾಗೆ ಬ್ರಿಡ್ಜ್ ಇಡಿ. ತಂತಿ ಒತ್ತಿದಾಗ ಹಿಗ್ಗಿ ಸ್ವರ ಸ್ವಲ್ಪ ಮೇಲೇರುತ್ತದೆ. ಅದನ್ನು ಸರಿದೂಗಿಸಲು ಸ್ಯಾಡಲ್‌ಗಳು ಕೊನೆಗೆ ಹದ ಮಾಡುವಾಗ ಹಿಂದಕ್ಕೇ ಸರಿಯುತ್ತವೆ, ದಪ್ಪ ತಂತಿಯದು ಎಲ್ಲಕ್ಕಿಂತ ಜಾಸ್ತಿ. ಹಾಗಾಗಿ ಹಿಂದೆ ಜಾಗ ಇರಬೇಕು.

ನೂಲು ಸರಿಬಂದ ಮೇಲೆ ತೂತು ಕೊರೆಯುವುದು. ಬಾಡಿಯ ತೂತಿನಲ್ಲಿ ಸ್ಕ್ರೂ ಹಲ್ಲು ಕಚ್ಚದೆ ಸಲೀಸಾಗಿ ಜಾರಿ ಹೋಗಬೇಕು. ನೆಕ್‌ನ ಮರವನ್ನು ಮಾತ್ರ ಕಚ್ಚಬೇಕು. ಎರಡೂ ಕಡೆ ಕಚ್ಚಿದರೆ ನಡುವೆ ಬಿರುಕು ಉಳಿದು ನೆಕ್ ಎಂದೂ ಗಟ್ಟಿ ಕೂರುವುದಿಲ್ಲ. ನೆಕ್‌ನ ತೂತಿಗೆ ಸ್ಕ್ರೂವಿನ ಹಲ್ಲು ಬಿಟ್ಟು ನಡುಕಾಂಡದಷ್ಟೇ ದಪ್ಪದ ಬಿಟ್ ಹಿಡಿಯಿರಿ. ಸಾಮಾನ್ಯ ನೆಕ್ ಸ್ಕ್ರೂಗೆ 3.2 ಮಿ.ಮೀ. ಸರಿಯಾಗುತ್ತದೆ. ಸ್ಕ್ರೂ ಪಾಕೆಟ್‌ನಿಂದ ಎಷ್ಟು ಹೊರಗೆ ಬರುತ್ತದೆ ಎಂದು ಅಳೆದು, ಬಿಟ್‌ನ ಮೇಲೆ ಅಷ್ಟಕ್ಕೇ ಟೇಪ್ ಸುತ್ತಿ. ಟೇಪ್ ಮರ ಮುಟ್ಟಿದ ಕ್ಷಣ ನಿಲ್ಲಿಸಿ. ಇನ್ನೊಂದು ಸುತ್ತು ಹೋದರೆ ಬಿಟ್ ಫ್ರೆಟ್‌ಬೋರ್ಡಿನ ಮೇಲೆ ಬಂದು ನಿಲ್ಲುತ್ತದೆ.

ಸ್ಕ್ರೂ ಹಾಕುವ ಮೊದಲು ಅದರ ಹಲ್ಲಿಗೆ ಮೇಣದ ಬತ್ತಿ ಉಜ್ಜಿ. ಮೇಪಲ್ ಬಹಳ ಗಟ್ಟಿ ಮರ. ಹೆಡ್‌ಸ್ಟಾಕ್‌ನಲ್ಲಿ ತಂತಿ ಬಿಗಿಯುವ ಕಿವಿಗಳ (ಇವನ್ನೂ ಟ್ಯೂನರ್ ಎನ್ನುತ್ತಾರೆ) ಪುಟಾಣಿ ಸ್ಕ್ರೂಗಳು ಒಣ ಮರದಲ್ಲಿ ಸ್ವಲ್ಪ ಒತ್ತಿ ತಿರುಗಿಸಿದರೂ ಕತ್ತು ಮುರಿದುಕೊಳ್ಳುತ್ತವೆ. ತಲೆ ಕೈಗೆ ಬರುತ್ತದೆ, ಕಾಂಡ ಒಳಗೇ ಉಳಿಯುತ್ತದೆ. ಸೋಪು ಹಚ್ಚುವವರೂ ಇದ್ದಾರೆ. ಸೋಪು ತೇವ ಎಳೆದು ತುಕ್ಕು ತರುತ್ತದೆ, ಮೇಣವೇ ವಾಸಿ.

ಎಲ್ಲ ಜೋಡಿಸಿ ತಂತಿ ಹಾಕಿ, ಶ್ರುತಿ ಮಾಡಿ, ಒಂದು ರಾತ್ರಿ ಹಾಗೇ ಬಿಡಿ. ಮರುದಿನ ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್‌ನಲ್ಲೂ ಒತ್ತಿ ಮೀಟಿ. ಎಲ್ಲಾದರೂ ಒಂದು ಜಾಗದಲ್ಲಿ ಮಾತ್ರ ಝುಂ ಎಂದು ಒಡೆದ ಸದ್ದು ಬಂದರೆ ಮುಂದಿನ ಫ್ರೆಟ್ ಎತ್ತರ ಇದೆ ಎಂದು ಅರ್ಥ. ಮೂರು ಫ್ರೆಟ್‌ಗಳ ಮೇಲೆ ಕೂರುವಷ್ಟು ಉದ್ದದ ನೇರ ಲೋಹದ ಪಟ್ಟಿ ಇಟ್ಟು ನೋಡಿ. ಅದು ಉಯ್ಯಾಲೆಯಂತೆ ಆಡಿದರೆ ನಡುವಿನ ಫ್ರೆಟ್ಟೇ ತಪ್ಪಿತಸ್ಥ. ಅದು ಮೇಲೆದ್ದಿದ್ದರೆ ಮರದ ತುಂಡು ಇಟ್ಟು ಮೆಲ್ಲಗೆ ಬಡಿದು ಕೂರಿಸಿ. ಕೂತ ಮೇಲೂ ಎತ್ತರ ಇದ್ದರೆ ಪಕ್ಕಕ್ಕೆ ಟೇಪ್ ಹಚ್ಚಿ, ಫ್ರೆಟ್‌ನ ತಲೆಗೆ ಮಾರ್ಕರ್ ಬಳಿದು, ಮಾರ್ಕರ್ ಹೋದ ಕಡೆ ನೋಡುತ್ತ ಅರದಿಂದ ಸ್ವಲ್ಪ ಸ್ವಲ್ಪ ತೆಗೆಯಿರಿ. ಚಪ್ಪಟೆಯಾದ ತಲೆಯನ್ನು ಆಮೇಲೆ ಮತ್ತೆ ಗುಂಡಗೆ ಮಾಡಿ ನುಣುಪುಗೊಳಿಸಬೇಕು. ಫ್ರೆಟ್‌ಗಳ ಅಂಚು ಕೈಗೆ ಚುಚ್ಚುತ್ತಿದ್ದರೆ ಅದನ್ನೂ ಈಗಲೇ ಮೃದು ಮಾಡಿ.

ಹೆಡ್‌ಸ್ಟಾಕ್ ಹಲಗೆಯ ಹಾಗೆ ಬಂದಿದ್ದರೆ ಅದಕ್ಕೆ ಆಕಾರ ಕೊಡುವ ಸಮಯವೂ ಇದೇ. ಕಾಗದದಲ್ಲಿ ಬರೆದು ಕತ್ತರಿಸಿ, ಟ್ಯೂನರ್ ತೂತುಗಳ ಮೇಲಿಟ್ಟು ನೋಡಿ. ತೂತಿನ ಸುತ್ತ ಸಾಕಷ್ಟು ಮರ ಉಳಿಯಲಿ.

ಉಜ್ಜುವುದು

ಎಲ್ಲ ಬಿಚ್ಚಿ. ಸ್ಕ್ರೂಗಳನ್ನು ಗುಂಪು ಗುಂಪಾಗಿ ಪೊಟ್ಟಣ ಕಟ್ಟಿ ಹೆಸರು ಬರೆಯಿರಿ.

ಬಾಡಿಯ ಮೇಲೆಲ್ಲ ಪೆನ್ಸಿಲಿನಿಂದ ಮೆಲ್ಲಗೆ ಅಡ್ಡಾದಿಡ್ಡಿ ಗೀಚಿ. 120 ಅಥವಾ 150ರ ಕಾಗದವನ್ನು ಚಪ್ಪಟೆ ಮರದ ತುಂಡಿಗೆ ಸುತ್ತಿ, ಎಳೆಯ ಉದ್ದಕ್ಕೆ ಉಜ್ಜಿ. ಗೀಚು ಪೂರ್ತಿ ಹೋಯಿತೆಂದರೆ ಮೈಯೆಲ್ಲ ಸಮನಾಗಿ ಉಜ್ಜಿದ್ದೀರಿ ಎಂದು ತಿಳಿಯಿತು. ಮತ್ತೆ ಗೀಚಿ, 180. ಮತ್ತೆ ಗೀಚಿ, 220. ಮೇಲೆ ತೆಳು ಪದರ ಇರುವ ಬಾಡಿಯಾದರೆ 120 ಬೇಡ, ನೇರ 220ರಿಂದ ಶುರು ಮಾಡಿ. ಎಳೆಗೆ ಅಡ್ಡವಾಗಿ ಎಳೆದ ಒಂದೇ ಗೀರು ಸ್ಟೇನ್ ಹಾಕಿದ ಮೇಲೆ ಕಪ್ಪು ಗೆರೆಯಾಗಿ ಎದ್ದು ನಿಲ್ಲುತ್ತದೆ. ಕೋಣೆಯ ದೀಪ ಆರಿಸಿ ಟಾರ್ಚನ್ನು ಬಾಡಿಗೆ ಅಡ್ಡಲಾಗಿ, ಮೈಗೆ ತಾಗುವಷ್ಟು ಕೆಳಗೆ ಹಿಡಿಯಿರಿ. ಹಗಲಿನಲ್ಲಿ ಕಾಣದ ಗೀರುಗಳೆಲ್ಲ ನೆರಳು ಚೆಲ್ಲಿ ಕಾಣುತ್ತವೆ.

ಎಲ್ಲಾದರೂ ತಗ್ಗಾಗಿದ್ದರೆ ಉಜ್ಜಿ ಉಜ್ಜಿ ಸವೆಸಬೇಡಿ. ಒದ್ದೆ ಬಟ್ಟೆಯ ಚೂರು ಅದರ ಮೇಲಿಟ್ಟು ಬಿಸಿ ಇಸ್ತ್ರಿಪೆಟ್ಟಿಗೆಯ ಮೂತಿಯನ್ನು ಒಂದೆರಡು ಸೆಕೆಂಡು ತಾಗಿಸಿ. ಹಬೆ ಒಳಹೋಗಿ, ಒತ್ತಿಹೋದ ಮರ ಉಬ್ಬಿ ಮೇಲೆ ಬರುತ್ತದೆ. ಎಳೆ ಕತ್ತರಿಸಿ ಹೋಗಿರದಿದ್ದರೆ ತಗ್ಗು ಹೆಚ್ಚುಕಡಿಮೆ ಮಾಯವಾಗುತ್ತದೆ. ಮೇಲ್ಪದರ ಅಂಟಿಸಿದ ಬಾಡಿಯಲ್ಲಿ ಮಾತ್ರ ಇದನ್ನು ಮಾಡಬೇಡಿ, ಬಿಸಿಗೆ ಅಂಟು ಬಿಡಬಹುದು.

220 ಮುಗಿದ ಮೇಲೆ ಹಿಂಡಿದ ಒದ್ದೆ ಬಟ್ಟೆಯಿಂದ ಇಡೀ ಬಾಡಿ ಒರೆಸಿ. ಒಣಗಿದಾಗ ಕೈಯಾಡಿಸಿ ನೋಡಿ, ಒಂದು ದಿನದ ಗಡ್ಡದ ಹಾಗೆ ಒರಟಾಗಿರುತ್ತದೆ. ಮಲಗಿದ್ದ ಮರದ ರೋಮ ನೀರಿಗೆ ಎದ್ದದ್ದು ಅದು. 320ರ ಕಾಗದದಿಂದ ಹಗುರವಾಗಿ ಅದನ್ನು ಕತ್ತರಿಸಿ. ಈಗಲೇ ಇದನ್ನು ಮಾಡದಿದ್ದರೆ ಆ ರೋಮ ಸ್ಟೇನ್ ಹಾಕಿದಾಗ ಏಳುತ್ತದೆ.

ಅಂಟಿನ ಕಲೆ ಹುಡುಕುವುದನ್ನು ಮರೆಯಬೇಡಿ. ಕಿಟ್ ಬಾಡಿಗಳಲ್ಲಿ ಜೋಡಣೆಯ ಹತ್ತಿರ ಒಣಗಿದ ಅಂಟು ಬಣ್ಣವಿಲ್ಲದೆ ಅಡಗಿರುತ್ತದೆ. ಟರ್ಪೆಂಟೈನ್ ಹಾಕಿದ ಬಟ್ಟೆಯಿಂದ ಒರೆಸಿದರೆ ಮರವೆಲ್ಲ ಗಾಢವಾಗಿ, ಅಂಟಿರುವ ಜಾಗ ಮಾತ್ರ ತಿಳಿಯಾಗಿ ಉಳಿಯುತ್ತದೆ. ಅದನ್ನು ಉಜ್ಜಿ ತೆಗೆಯಿರಿ.

ಬಣ್ಣದ ಮೂರು ದಾರಿ

*ಎಣ್ಣೆ.* ಮೊದಲ ಗಿಟಾರಿಗೆ ನಾನು ಹೇಳುವುದು ಇದನ್ನೇ. ಟಂಗ್ ಆಯಿಲ್ ಅಥವಾ ಡ್ಯಾನಿಶ್ ಆಯಿಲ್ ಬಟ್ಟೆಯಲ್ಲಿ ಹಚ್ಚಿ, 15-20 ನಿಮಿಷ ಬಿಟ್ಟು, ಉಳಿದದ್ದನ್ನು ಪೂರ್ತಿ ಒರೆಸಿ ತೆಗೆಯಿರಿ. ಒಂದು ದಿನ ಒಣಗಲಿ. ಹೀಗೆ ಐದಾರು ಸಲ. ಮರದ ಎಳೆ ದಿನದಿಂದ ದಿನಕ್ಕೆ ಆಳವಾಗಿ ಕಾಣಿಸುತ್ತದೆ. ಧೂಳು ಕೂತರೂ, ಗೀರು ಬಿದ್ದರೂ ಅಲ್ಲಿಗಷ್ಟೇ ಉಜ್ಜಿ ಮತ್ತೆ ಹಚ್ಚಬಹುದು.

ಒಂದು ವಿಷಯ ದಯವಿಟ್ಟು ಗಮನಿಸಿ. ಎಣ್ಣೆ ಹಚ್ಚಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಉಂಡೆಯೊಳಗಿನ ಬಿಸಿ ಹೊರಗೆ ಹೋಗದೆ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಅದ್ದಿ ಇಡಿ.

*ಸ್ಟೇನ್.* ನೀರಿನಲ್ಲೋ ಸ್ಪಿರಿಟ್‌ನಲ್ಲೋ ಕರಗಿಸಿದ ಬಣ್ಣವನ್ನು ಮರಕ್ಕೇ ಕುಡಿಸುವುದು. ಬಾಡಿಯ ತಿರುವುಗಳಲ್ಲಿ ಎಳೆಯ ತುದಿ ಹೊರಗೆ ಬಂದಿರುತ್ತದೆ. ಅಲ್ಲಿ ಮರ ಬಣ್ಣವನ್ನು ಜಾಸ್ತಿ ಕುಡಿದು ಕಪ್ಪಾಗುತ್ತದೆ. ಆ ಜಾಗಗಳನ್ನು ಮಾತ್ರ ಇನ್ನೊಂದು ಹಂತ ನುಣುಪಾಗಿ, 320 ಅಥವಾ 400ರವರೆಗೆ ಉಜ್ಜಿದರೆ ಕುಡಿಯುವುದು ಕಡಿಮೆಯಾಗುತ್ತದೆ. ತೆಳುವಾಗಿ ಶುರು ಮಾಡಿ. ಗಾಢ ಮಾಡುವುದು ಸುಲಭ, ತಿಳಿ ಮಾಡುವುದು ಕಷ್ಟ. ಒಣಗಿದ ಸ್ಟೇನ್ ಮಂಕಾಗಿ ಕಾಣುತ್ತದೆ, ಗಾಬರಿ ಬೇಡ, ಮೇಲೆ ಎಣ್ಣೆಯೋ ಕ್ಲಿಯರ್ ಲ್ಯಾಕರೋ ಬಿದ್ದ ಕೂಡಲೇ ಅದಕ್ಕೆ ಜೀವ ಬರುತ್ತದೆ.

*ಸ್ಪ್ರೇ.* ಮೊದಲು ರಂಧ್ರಕ್ಕೆ ಫಿಲ್ಲರ್, ಆಮೇಲೆ ಸೀಲರ್ ಅಥವಾ ಪ್ರೈಮರ್, ಆಮೇಲೆ ಬಣ್ಣ, ಕೊನೆಗೆ ಕ್ಲಿಯರ್. ನೆಕ್ ಪಾಕೆಟ್‌ಗೆ ಟೇಪ್ ಹಚ್ಚಿ, ಅಲ್ಲಿ ಬಣ್ಣ ಬೇಡ. ಪಾಕೆಟ್‌ಗೆ ಒಂದು ಕೋಲು ಸ್ಕ್ರೂ ಮಾಡಿದರೆ ಹಿಡಿಯಲೂ ನೇತುಹಾಕಲೂ ಅನುಕೂಲ. ಡಬ್ಬವನ್ನು 20-30 ಸೆಂ.ಮೀ. ದೂರ ಹಿಡಿಯಿರಿ. ಗುಂಡಿ ಒತ್ತುವುದು ಬಾಡಿಯ ಆಚೆ, ಬಿಡುವುದು ಬಾಡಿ ದಾಟಿದ ಮೇಲೆ. ಕೈ ನಿಂತರೆ ಬಣ್ಣ ಸೋರುತ್ತದೆ. ಮೊದಲ ಪದರ ಮಂಜಿನಷ್ಟೇ ಇರಲಿ. ಒಂದೇ ಸಲಕ್ಕೆ ಮುಚ್ಚುವ ಆಸೆ ಬೇಡ.

ನೈಟ್ರೋಸೆಲ್ಯುಲೋಸ್ ಲ್ಯಾಕರ್ ಆದರೆ ದಿನಕ್ಕೆ ಮೂರು ತೆಳು ಪದರ ಸಾಕು, ನಡುವೆ ಒಂದೆರಡು ಗಂಟೆ ಬಿಡುವು. ಗಾಳಿಯಲ್ಲಿ ತೇವ ಜಾಸ್ತಿ ಇರುವ ದಿನ ಹೊಡೆದರೆ ಲ್ಯಾಕರ್ ಹಾಲಿನ ಹಾಗೆ ಬೆಳ್ಳಗಾಗುತ್ತದೆ, ಒಣ ದಿನಕ್ಕೆ ಕಾಯಿರಿ. ಬೇರೆ ಬೇರೆ ಜಾತಿಯ ಬಣ್ಣಗಳನ್ನು ಒಂದರ ಮೇಲೊಂದು ಹೊಡೆಯುವ ಮೊದಲು ಬೇರೆ ಮರದ ತುಂಡಿನ ಮೇಲೆ ಪ್ರಯೋಗ ಮಾಡಿ. ಹೊಂದದಿದ್ದರೆ ಕೆಳಗಿನದು ಸುಕ್ಕುಗಟ್ಟುತ್ತದೆ. ಎರಡು ದ್ರವ ಬೆರೆಸಿ ಹೊಡೆಯುವ ಪಾಲಿಯುರಿಥೇನ್ ಬಹಳ ಗಟ್ಟಿ, ನಿಜ. ಆದರೆ ಅದರ ಹಾರ್ಡ್ನರ್‌ನಲ್ಲಿ ಐಸೋಸಯನೇಟ್ ಇರುತ್ತದೆ, ಶ್ವಾಸಕೋಶಕ್ಕೆ ಅಪಾಯ. ಮನೆಯಲ್ಲಿ ಅದನ್ನು ಹೊಡೆಯಬೇಡಿ. ಯಾವ ಸ್ಪ್ರೇ ಆದರೂ ಬೆಂಕಿಯಿಂದ ದೂರ, ಗಾಳಿಯಾಡುವ ಜಾಗದಲ್ಲೇ.

ಇನ್ನು ಕಾಯುವುದು. ಮುಟ್ಟಿದರೆ ಒಣಗಿದೆ ಅನ್ನಿಸಿದರೂ ನೈಟ್ರೋ ಒಳಗೆ ಹಸಿಯಾಗಿರುತ್ತದೆ. ಮೂರು ನಾಲ್ಕು ವಾರ ನೇತುಹಾಕಿ. ಬಾಡಿಗೆ ಮೂಗು ಹಚ್ಚಿ ನೋಡಿ, ಥಿನ್ನರ್ ವಾಸನೆ ಇನ್ನೂ ಇದ್ದರೆ ಇನ್ನೂ ಆಗಿಲ್ಲ.

ನೆಕ್‌ಗೂ ಏನಾದರೂ ಹಚ್ಚಲೇಬೇಕು. ಮೇಪಲ್ ಫ್ರೆಟ್‌ಬೋರ್ಡನ್ನು ಹಾಗೇ ಬಿಟ್ಟರೆ ಬೆವರು ಇಳಿದು ಕಪ್ಪಾಗುತ್ತದೆ, ಅದಕ್ಕೆ ಲ್ಯಾಕರ್ ಬೇಕು. ರೋಸ್‌ವುಡ್‌ಗೆ ಲ್ಯಾಕರ್ ಬೇಡ, ಟೇಪ್ ಹಚ್ಚಿ ಮುಚ್ಚಿಟ್ಟು ಕೊನೆಗೆ ಸ್ವಲ್ಪ ಎಣ್ಣೆ ಒರೆಸಿದರೆ ಆಯಿತು. ಹಿಂಭಾಗಕ್ಕೆ ನನಗೆ ಹಿಡಿಸಿದ್ದು ಎಣ್ಣೆಯೇ, ಹೆಬ್ಬೆರಳು ಅಂಟದೆ ಜಾರುತ್ತದೆ.

ಹೊಳಪು ತರುವುದು

ಇದು ಲ್ಯಾಕರ್ ಹೊಡೆದವರಿಗೆ ಮಾತ್ರ. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, 800, 1000, 1500, 2000 ಹೀಗೆ ಒದ್ದೆ ಕಾಗದದಿಂದ ಉಜ್ಜುತ್ತ ಹೋಗಿ. ಒರೆಸಿ ನೋಡಿದಾಗ ಮೈಯೆಲ್ಲ ಒಂದೇ ರೀತಿ ಮಂಕಾಗಿರಬೇಕು. ಮಿನುಗುವ ಚುಕ್ಕೆ ಉಳಿದಿದ್ದರೆ ಅಲ್ಲಿ ಇನ್ನೂ ತಗ್ಗಿದೆ. ಅಂಚುಗಳಲ್ಲಿ ಪದರ ತೆಳುವಾಗಿರುತ್ತದೆ, ಅಲ್ಲಿ ಮರದ ತುಂಡು ಬೇಡ, ಬೆರಳಿನಿಂದ ಎರಡೇ ಸಲ. ಸ್ಕ್ರೂ ತೂತಿಗೆ ನೀರು ಹೋಗದ ಹಾಗೆ ನೋಡಿಕೊಳ್ಳಿ. ಹೋದರೆ ಮರ ಉಬ್ಬಿ, ತೂತಿನ ಸುತ್ತ ಲ್ಯಾಕರ್ ಬಿರಿಯುತ್ತದೆ. ತೂತುಗಳಿಗೆ ಮೇಣ ಒತ್ತಿ ಮುಚ್ಚುವುದು ನನ್ನ ಅಭ್ಯಾಸ. ಕೊನೆಗೆ ರಬ್ಬಿಂಗ್ ಕಾಂಪೌಂಡ್, ಆಮೇಲೆ ನಯವಾದ ಪಾಲಿಶ್.

ವೈರಿಂಗ್

ಕಿಟ್‌ನೊಂದಿಗೆ ಬರುವ ನಕ್ಷೆಯನ್ನು ಗೋಡೆಗೆ ಅಂಟಿಸಿ. ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್‌ಗೆ ಸಾಮಾನ್ಯವಾಗಿ 250 ಕಿಲೋಓಮ್ ಪಾಟ್ (ಧ್ವನಿ ಏರಿಸಿ ಇಳಿಸುವ ಗುಂಡಿಯ ಅಡಿಯ ಭಾಗ), ಹಂಬಕರ್‌ಗೆ 500. ಪಾಟ್‌ನ ಬೆಲೆ ಹೆಚ್ಚಿದಷ್ಟೂ ಧ್ವನಿ ಚುರುಕು. ಎರಡು ಸುರುಳಿಗಳನ್ನು ಒಂದಕ್ಕೊಂದು ವಿರುದ್ಧ ಜೋಡಿಸಿ ಗುಂಯ್ ಸದ್ದನ್ನು ಅಳಿಸುವ ಹಂಬಕರ್‌ಗೆ ಗಿಬ್ಸನ್‌ನ ಸೆತ್ ಲವರ್ 1955ರಲ್ಲಿ ಪೇಟೆಂಟ್ ಅರ್ಜಿ ಹಾಕಿದರು. ಸಿಂಗಲ್ ಕಾಯಿಲ್‌ನಲ್ಲಿ ಆ ಸದ್ದು ಸ್ವಲ್ಪ ಇದ್ದೇ ಇರುತ್ತದೆ, ಅದು ನಿಮ್ಮ ಕೆಲಸದ ತಪ್ಪಲ್ಲ. ಪಿಕಪ್ ಗುಳಿಗಳ ಒಳಗೆ ತಾಮ್ರದ ಟೇಪ್ ಅಂಟಿಸಿ ಅರ್ತ್‌ಗೆ ಜೋಡಿಸಿದರೆ ಹೊರಗಿನ ಗದ್ದಲ ಒಳಬರುವುದು ಕಡಿಮೆಯಾಗುತ್ತದೆ.

ಸೋಲ್ಡರಿಂಗ್ ಐರನ್ 40 ವ್ಯಾಟ್ ಇರಲಿ. ರೋಸಿನ್ ಇರುವ ಎಲೆಕ್ಟ್ರಾನಿಕ್ಸ್ ಸೋಲ್ಡರ್ ಮಾತ್ರ ಬಳಸಿ, ಪೈಪ್ ಬೆಸೆಯುವ ಆಸಿಡ್ ಫ್ಲಕ್ಸ್ ಬೇಡ. ಪಾಟ್‌ನ ಬೆನ್ನಿಗೆ ವೈರ್ ಅಂಟುವುದಿಲ್ಲ ಎಂದು ಎಲ್ಲರೂ ಒದ್ದಾಡುತ್ತಾರೆ. ಆ ಬೆನ್ನನ್ನು ಮೊದಲು ಉಪ್ಪುಕಾಗದದಿಂದ ಗೀರಿ, ಬಿಸಿ ಮಾಡಿ ಸ್ವಲ್ಪ ಸೋಲ್ಡರ್ ಹರಿಸಿಟ್ಟುಕೊಳ್ಳಿ. ವೈರಿನ ತುದಿಗೂ ಹಾಗೇ ಮಾಡಿ. ಆಮೇಲೆ ಎರಡನ್ನೂ ಸೇರಿಸಿ ತಾಗಿಸಿದರೆ ಕ್ಷಣದಲ್ಲಿ ಬೆಸೆಯುತ್ತದೆ. ಐರನ್‌ನಿಂದ ಜೋಡಣೆಯನ್ನು ಕಾಯಿಸಿ, ಸೋಲ್ಡರನ್ನು ಜೋಡಣೆಗೆ ಕೊಡಿ. ಒಳ್ಳೆಯ ಬೆಸುಗೆ ನೀರಿನಂತೆ ಹರಡಿಕೊಂಡಿರುತ್ತದೆ. ಗೋಲಿಯ ಹಾಗೆ ಉಂಡೆಯಾಗಿ ಮಂಕಾಗಿ ಕೂತಿದ್ದರೆ ಅದು ಹಿಡಿದಿಲ್ಲ.

ಬ್ರಿಡ್ಜ್ ಅಡಿಗೆ ಒಂದು ಅರ್ತ್ ವೈರ್ ಹೋಗಬೇಕು, ಅದರ ತುದಿ ಲೋಹಕ್ಕೆ ತಾಗಲೇಬೇಕು. ಬಣ್ಣ ಹಾಕುವಾಗ ಆ ತೂತು ಮುಚ್ಚಿಹೋಗಿರುತ್ತದೆ, ನೋಡಿ ಬಿಡಿಸಿ.

ತಂತಿ ಹಾಕುವ ಮೊದಲೇ ಆಂಪ್‌ಗೆ ಸಿಕ್ಕಿಸಿ, ಸ್ಕ್ರೂಡ್ರೈವರಿನಿಂದ ಪ್ರತಿ ಪಿಕಪ್‌ನ ತಲೆಯನ್ನು ಮೆಲ್ಲಗೆ ತಟ್ಟಿ. ಸ್ವಿಚ್ ಯಾವ ಕಡೆ ಇದೆಯೋ ಆ ಪಿಕಪ್ ಮಾತ್ರ ಟಕ್ ಎನ್ನಬೇಕು. ತಂತಿ ಹಾಕಿದ ಮೇಲೆ, ಕೈ ಮುಟ್ಟಿದಾಗ ಗುಂಯ್ ಸದ್ದು ಕಡಿಮೆಯಾದರೆ ಎಲ್ಲ ಸರಿ ಇದೆ. ಮುಟ್ಟಿದಾಗ ಜಾಸ್ತಿಯಾದರೆ ಜಾಕ್‌ನ (ಕೇಬಲ್ ಸಿಕ್ಕಿಸುವ ಜಾಗದ) ಎರಡು ವೈರ್ ಅದಲುಬದಲಾಗಿರುತ್ತದೆ.

ಎರಡನೇ ಕಟ್ಟೋಣ ಮತ್ತು ಹದ

ತೂತುಗಳೆಲ್ಲ ಮೊದಲೇ ಇರುವುದರಿಂದ ಜೋಡಣೆ ಬೇಗ ಆಗುತ್ತದೆ. ಲ್ಯಾಕರ್ ಇರುವ ಕಡೆ ತೂತಿನ ಬಾಯಿಯನ್ನು ದಪ್ಪ ಬಿಟ್ ಕೈಯಲ್ಲಿ ಹಿಡಿದು ಒಂದು ಸುತ್ತು ತಿರುಗಿಸಿ ಅಗಲ ಮಾಡಿ. ಹಾಗೆ ಮಾಡದಿದ್ದರೆ ಸ್ಕ್ರೂವಿನ ಹಲ್ಲು ಲ್ಯಾಕರನ್ನು ಎತ್ತಿ ಸೀಳುತ್ತದೆ.

09 ಅಥವಾ 10ರ ಸೆಟ್ ತಂತಿ (ಎಲ್ಲಕ್ಕಿಂತ ತೆಳು ತಂತಿ ಇಂಚಿನ ಸಾವಿರದಲ್ಲಿ 9 ಅಥವಾ 10 ಭಾಗ ದಪ್ಪ) ಹಾಕಿ ಶ್ರುತಿ ಮಾಡಿ. ಮುಂದಿನ ಕೆಲಸಗಳನ್ನು ಇದೇ ಕ್ರಮದಲ್ಲಿ ಮಾಡಿ, ಒಂದೊಂದು ತಿದ್ದಿದ ಮೇಲೂ ಮತ್ತೆ ಶ್ರುತಿ ನೋಡಿ.

ಮೊದಲು ನೆಕ್‌ನ ಬಾಗು. ಮೊದಲ ಫ್ರೆಟ್‌ಗೆ ಕೇಪೋ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ದಪ್ಪ ಇ ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿಯಿರಿ. 7-8ನೇ ಫ್ರೆಟ್ ಮೇಲೆ ತಂತಿಗೂ ಫ್ರೆಟ್‌ಗೂ ನಡುವೆ 0.2-0.25 ಮಿ.ಮೀ. ಇರಬೇಕು. ಜಾಸ್ತಿ ಇದ್ದರೆ ಟ್ರಸ್ ರಾಡನ್ನು ಗಡಿಯಾರದ ದಿಕ್ಕಿಗೆ ಬಿಗಿ ಮಾಡಿ. ಒಂದು ಸಲಕ್ಕೆ ಕಾಲು ಸುತ್ತು, ಅದಕ್ಕಿಂತ ಜಾಸ್ತಿ ಬೇಡ. ತಿರುಗದೆ ಹಟ ಹಿಡಿದರೆ ಬಲ ಹಾಕಬೇಡಿ.

ಆಮೇಲೆ ನಟ್. ತಂತಿಯನ್ನು 2 ಮತ್ತು 3ನೇ ಫ್ರೆಟ್ ನಡುವೆ ಒತ್ತಿ, ಮೊದಲ ಫ್ರೆಟ್ ಮೇಲೆ ನೋಡಿ. ತೆಳು ಕಾಗದ ತೂರುವಷ್ಟು ಬೆಳಕು ಕಂಡರೆ ಸಾಕು. ಕಿಟ್‌ಗಳಲ್ಲಿ ನಟ್ ಹೆಚ್ಚಾಗಿ ಎತ್ತರವೇ ಇರುತ್ತದೆ. ಮೊದಲ ಫ್ರೆಟ್‌ನಲ್ಲಿ ಸ್ವರ ಬೇಸುರ ಆಗುವುದಕ್ಕೆ, ಬೆರಳು ನೋಯುವುದಕ್ಕೆ ಇದೇ ಕಾರಣ. ಗೀರನ್ನು ತೆಳು ಅರದಿಂದ ಹೆಡ್‌ಸ್ಟಾಕ್ ಕಡೆಗೆ ಇಳಿಜಾರಾಗಿ ಆಳ ಮಾಡಿ. ಹೆಚ್ಚು ಇಳಿದುಹೋದರೆ ಅಡಿಗೆ ಸೋಡಾ ತುಂಬಿ ಒಂದು ಹನಿ ಸೂಪರ್ ಗ್ಲೂ ಬಿಟ್ಟರೆ ಕಲ್ಲಿನಂತಾಗುತ್ತದೆ, ಮತ್ತೆ ಕೊರೆಯಬಹುದು.

ತಂತಿಯ ಎತ್ತರವನ್ನು 12ನೇ ಫ್ರೆಟ್ ಮೇಲೆ ಅಳೆಯಿರಿ. ತೆಳು ಇ 1.6 ಮಿ.ಮೀ., ದಪ್ಪ ಇ 2 ಮಿ.ಮೀ. ಇಟ್ಟು ಶುರು ಮಾಡಿ, ಕೈಗೆ ತಕ್ಕ ಹಾಗೆ ಏರಿಸಿ ಇಳಿಸಿ. ಆಮೇಲೆ ಸ್ಯಾಡಲ್‌ನ ಜಾಗ. 12ನೇ ಫ್ರೆಟ್ ಮೇಲೆ ಬೆರಳು ಬರೀ ತಾಗಿಸಿ ಹಾರ್ಮೋನಿಕ್ ನುಡಿಸಿ, ಆಮೇಲೆ ಅದೇ ಫ್ರೆಟ್ ಒತ್ತಿ ನುಡಿಸಿ. ಟ್ಯೂನರ್‌ನಲ್ಲಿ ಒತ್ತಿದ ಸ್ವರ ಮೇಲಿದ್ದರೆ ಸ್ಯಾಡಲನ್ನು ಹಿಂದಕ್ಕೆ, ಅಂದರೆ ನೆಕ್‌ನಿಂದ ದೂರ ಸರಿಸಿ. ಕೆಳಗಿದ್ದರೆ ಮುಂದಕ್ಕೆ. ಆರೂ ತಂತಿಗೂ ಇದೇ ಕೆಲಸ.

ಕೊನೆಗೆ ಪಿಕಪ್. ಕೊನೆಯ ಫ್ರೆಟ್ ಒತ್ತಿ ಹಿಡಿದಾಗ ತಂತಿಯಿಂದ ಪಿಕಪ್‌ಗೆ ತೆಳು ಕಡೆ 2 ಮಿ.ಮೀ., ದಪ್ಪ ಕಡೆ 2.5 ಮಿ.ಮೀ. ಇರಲಿ. ಧ್ವನಿ ಜೋರಾಗಲಿ ಎಂದು ಹತ್ತಿರ ತಂದರೆ ಅಯಸ್ಕಾಂತ ತಂತಿಯನ್ನೇ ಎಳೆಯುತ್ತದೆ. ಮೇಲಿನ ಫ್ರೆಟ್‌ಗಳಲ್ಲಿ ಒಂದೇ ಸ್ವರ ಎರಡಾಗಿ ಅಲೆದಾಡಿದ ಹಾಗೆ ಕೇಳಿಸಿದರೆ ಪಿಕಪ್ ಇಳಿಸಿ.

ಹೊಸ ನೆಕ್ ತಂತಿಯ ಎಳೆತಕ್ಕೆ ಹೊಂದಿಕೊಳ್ಳಲು ಎರಡು ಮೂರು ವಾರ ಹಿಡಿಯುತ್ತದೆ. ಇವತ್ತಿನ ಬಾಗು, ಎತ್ತರ, ತಂತಿಯ ಸೆಟ್ ಎಲ್ಲವನ್ನೂ ಸ್ಕೇಲ್ ಉದ್ದ ಬರೆದಿಟ್ಟ ಅದೇ ಚೀಟಿಯಲ್ಲಿ ತಾರೀಕು ಹಾಕಿ ಬರೆದು, ಗಿಟಾರಿನ ಚೀಲದಲ್ಲಿಡಿ. ಮೂರನೇ ವಾರ ಅದನ್ನು ತೆಗೆದು ಮತ್ತೆ ಅಳೆಯಿರಿ. ಬಾಗು ಸ್ವಲ್ಪ ಹೆಚ್ಚಿದ್ದರೆ ಟ್ರಸ್ ರಾಡ್‌ಗೆ ಇನ್ನೊಂದು ಕಾಲು ಸುತ್ತು ಕೊಟ್ಟು, ಎತ್ತರವನ್ನೂ ಸ್ಯಾಡಲ್‌ಗಳನ್ನೂ ಇನ್ನೊಮ್ಮೆ ನೋಡಿ.